ಬಟಾಟೆ, ಗೆಣಸು ಮತ್ತು ನಾವು

ಮುಂಬಯಿಯಲ್ಲಿ ತರಕಾರಿ ಗಾಡಿಯವನಿಗೆ ‘ಬಟಾಟಾ’ ಎಂದರೆ ಅವನು ಆಲೂಗಡ್ಡೆ ತೂಗುತ್ತಾನೆ. ಗೆಣಸು ಬೇಕಿದ್ದರೆ ‘ರತಾಳೆ’ ಎನ್ನಬೇಕು. ಊರಿನಿಂದ ಬಂದ ನಮಗೆ ಇದರಿಂದ ಕಷ್ಟವೇನೂ ಆಗಲಿಲ್ಲ. ಕರಾವಳಿಯವರಿಗೆ ಆಲೂಗಡ್ಡೆ ಮೊದಲಿನಿಂದಲೂ ಬಟಾಟೆಯೇ. ಧಾರವಾಡ, ಬೆಳಗಾವಿಯವರಿಗೆ ಬಟಾಟಿ. ಆಲೂಗಡ್ಡೆ, ಉರುಳಗಡ್ಡೆ ಎನ್ನುವವರು ಬೆಂಗಳೂರು, ಕೋಲಾರದ ಕಡೆಯವರು. ಆದರೆ ಈ ಹೆಸರಿನಲ್ಲೊಂದು ಅದಲುಬದಲು ನಡೆದುಹೋಗಿದೆ. ‘ಬಟಾಟ’ ಎನ್ನುವುದು ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತು. ಅವರು ಹಾಗೆ ಕರೆಯುತ್ತಿದ್ದದ್ದು ಗೆಣಸನ್ನು. ಅಂದರೆ ಹೆಸರಿನ ನಿಜವಾದ ಒಡೆಯ ಗಾಡಿಯ ಮೂಲೆಯಲ್ಲಿ ರತಾಳೆಯೆಂದು ಕರೆಸಿಕೊಂಡು ಕೂತಿದ್ದಾನೆ. ಆಮೇಲೆ ಬಂದವನು ಹೆಸರನ್ನೂ ಗಾಡಿಯ ನಡುವಿನ ಜಾಗವನ್ನೂ ಪಡೆದುಕೊಂಡಿದ್ದಾನೆ.

ಎರಡೂ ಅಮೆರಿಕದಿಂದ ಬಂದವೇ. ಆದರೆ ಹೊರಟ ಕಾಲ ಬೇರೆ, ಹೊರಟ ಊರೂ ಬೇರೆ. ಕೊಲಂಬಸನ 1492ರ ಯಾನದ ಬೆನ್ನಿಗೇ ಗೆಣಸು ಸ್ಪೇನ್ ತಲುಪಿತು. ಬಟಾಟೆ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಬೆಳೆ. ಸ್ಪೇನಿನವರು 1530ರ ದಶಕದಲ್ಲಿ ಇಂಕಾ ರಾಜ್ಯವನ್ನು ಗೆದ್ದ ಮೇಲಷ್ಟೇ ಅದು ಅವರ ಕಣ್ಣಿಗೆ ಬಿದ್ದದ್ದು. ಯುರೋಪಿನ ನೆಲದಲ್ಲಿ ಅದರ ಸುದ್ದಿ ಸಿಗುವುದು 1570ರ ದಶಕದಲ್ಲಿ. ಅಲ್ಲಿನ ಕೆಚುವಾ ಭಾಷೆಯಲ್ಲಿ ಅದಕ್ಕೆ ‘ಪಾಪ’ ಎಂದು ಹೆಸರಿತ್ತು. ಎರಡೂ ಮಣ್ಣಿನೊಳಗಿನ ಗಡ್ಡೆ, ಎರಡೂ ಬೇಯಿಸಿ ತಿನ್ನುವಂಥವು. ಹಾಗಾಗಿ ಯುರೋಪಿನವರ ಬಾಯಲ್ಲಿ ಎರಡು ಹೆಸರು ಕಲಸಿಹೋದವು. ಇಂಗ್ಲಿಷಿನ ‘ಪೊಟೇಟೊ’ ಕೂಡ ಮೊದಲು ಗೆಣಸನ್ನೇ ಸೂಚಿಸುತ್ತಿತ್ತು. ಪೋರ್ಚುಗೀಸರಂತೂ ‘ಬಟಾಟ’ವನ್ನು ಪೂರಾ ಆಲೂಗಡ್ಡೆಗೆ ಬಿಟ್ಟುಕೊಟ್ಟು, ಗೆಣಸಿಗೆ ‘ಸಿಹಿ ಬಟಾಟ’ ಎಂದು ಹೊಸದಾಗಿ ನಾಮಕರಣ ಮಾಡಿದರು.

ಗೋವಾ 1510ರಿಂದ ಪೋರ್ಚುಗೀಸರ ಕೈಯಲ್ಲಿತ್ತು. ವಸಾಯಿಯೂ ಮುಂಬಯಿಯ ದ್ವೀಪಗಳೂ 1534ರಲ್ಲಿ ಅವರಿಗೆ ಸೇರಿದವು. ನಮ್ಮ ಬಸರೂರು, ಹೊನ್ನಾವರ, ಮಂಗಳೂರಿನ ಅಕ್ಕಿ ಅವರ ಗೋವೆಗೆ ಹೋಗುತ್ತಿತ್ತು. ಅಕ್ಕಿ ಆ ಕಡೆ ಹೋದ ದಾರಿಯಲ್ಲೇ ಮೆಣಸಿನಕಾಯಿ, ಗೋಡಂಬಿ, ಅನಾನಸು, ಪಪ್ಪಾಯಿಗಳ ಜೊತೆ ಗೆಣಸಿನ ಬಳ್ಳಿಯೂ ಈ ಕಡೆ ಬಂದಿರಬೇಕು. ಬಂದದ್ದೇ ನಮ್ಮ ಹಳೆಯ ಶಬ್ದದೊಳಗೆ ಸೇರಿಕೊಂಡುಬಿಟ್ಟಿತು. ಗೆಣಸು ಎಂದರೆ ಕಾಡಿನಲ್ಲಿ ಅಗೆದು ತಿನ್ನುವ ಗಡ್ಡೆಗಳಿಗೆಲ್ಲ ಇದ್ದ ಹೆಸರು. ‘ಗಡ್ಡೆ ಗೆಣಸು’ ಎಂದು ಈಗಲೂ ಹೇಳುತ್ತೇವಲ್ಲ, ಅದು. ಹೊಸಬನಿಗೆ ಮನೆಯ ಹೆಸರೇ ಸಿಕ್ಕಿತು. ತುಳುವಿನಲ್ಲೂ ಹೀಗೇ ಆಗಿದೆ, ಗಡ್ಡೆಗೆ ಹೇಳುವ ‘ಕೆರೆಂಗ್’ ಗೆಣಸಿಗೂ ಆಯಿತು.

ಜಹಾಂಗೀರನ ಆಸ್ಥಾನಕ್ಕೆ ಬಂದಿದ್ದ ಇಂಗ್ಲಿಷ್ ರಾಯಭಾರಿ ಥಾಮಸ್ ರೋನ ಪಾದ್ರಿ ಎಡ್ವರ್ಡ್ ಟೆರ್ರಿ, ಆಸಫ್ ಖಾನನು ಕೊಟ್ಟ ಔತಣವೊಂದರ ವರ್ಣನೆಯಲ್ಲಿ ‘ಪೊಟೇಟೊ’ವನ್ನು ಹೆಸರಿಸಿದ್ದಾನೆ. ಇದನ್ನೇ ಹಿಡಿದು ಭಾರತದಲ್ಲಿ ಆಲೂಗಡ್ಡೆ ಆಗಲೇ ಇತ್ತು ಎಂದು ಬರೆಯುವವರಿದ್ದಾರೆ. ಆದರೆ ಆ ಕಾಲದ ಇಂಗ್ಲಿಷಿನಲ್ಲಿ ಆ ಶಬ್ದದ ಅರ್ಥ ಏನಿತ್ತು ಎಂದು ನೋಡಿದರೆ, ಆ ತಟ್ಟೆಯಲ್ಲಿ ಇದ್ದದ್ದು ಗೆಣಸೇ ಇರಬೇಕು ಎಂಬವರ ಮಾತು ಹೆಚ್ಚು ಸರಿ ಎನಿಸುತ್ತದೆ.

ಬಟಾಟೆ ನಮ್ಮ ಪಶ್ಚಿಮ ಭಾಗದಲ್ಲಿ ಜನರ ಊಟಕ್ಕೆ ಇಳಿದದ್ದು ಬಹಳ ತಡವಾಗಿ, ಬ್ರಿಟಿಷರ ಕಾಲದಲ್ಲಿ. 1827ರಿಂದ 1830ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಜಾನ್ ಮಾಲ್ಕಮ್ ಮಹಾಬಳೇಶ್ವರವನ್ನು ಗಿರಿಧಾಮ ಮಾಡಿದ. ಅಲ್ಲಿನ ಜೈಲಿಗೆ ಚೀನೀ ಕೈದಿಗಳನ್ನು ತಂದು ಇಟ್ಟಿದ್ದರು. ಬಟಾಟೆ ಮತ್ತು ಇಂಗ್ಲಿಷ್ ತರಕಾರಿಗಳನ್ನು ಅಲ್ಲಿ ಬೆಳೆದವರು ಅವರು. ಎಲ್ಲಿಯ ಚೀನಾ, ಎಲ್ಲಿಯ ಪೆರು, ಎಲ್ಲಿಯ ಸಾತಾರಾ! ಊರು ಬಿಟ್ಟವರೇ ಊರು ಬಿಟ್ಟ ಗಡ್ಡೆಯನ್ನು ನೆಟ್ಟರು.

ಇಲ್ಲಿ ಮಣ್ಣಿನ ಮಾತು ಒಂದಿದೆ. ಬಟಾಟೆಗೆ ತಂಪು ರಾತ್ರಿ ಬೇಕು. ಸೆಕೆ ಹೆಚ್ಚಾದರೆ ಗಿಡ ಬೆಳೆಯುತ್ತದೆ, ಕೆಳಗೆ ಗಡ್ಡೆ ಕೂರುವುದಿಲ್ಲ. ಅದಕ್ಕೇ ಅದು ಹಾಸನ, ಕೋಲಾರ, ಚಿಕ್ಕಬಳ್ಳಾಪುರ, ಧಾರವಾಡ, ಬೆಳಗಾವಿಗೆ ಒಗ್ಗಿತು. ಪುಣೆಯ ಕಡೆಗೂ ಒಗ್ಗಿತು. ನಮ್ಮ ಕುಂದಾಪುರ, ಉಡುಪಿಯ ಸೆಕೆಗೆ ಒಗ್ಗಲಿಲ್ಲ. ಗೆಣಸಿಗೆ ಅಂಥ ಹಟವಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ಏರಿ ಮಾಡಿ ಬಳ್ಳಿಯ ತುಂಡು ಚುಚ್ಚಿದರೆ ಸಾಕು, ಮೂರು ನಾಲ್ಕು ತಿಂಗಳಿಗೆ ಅಗೆಯಬಹುದು. ಹೀಗೆ ನಾನೂರು ವರ್ಷದಲ್ಲಿ ಗೆಣಸು ನಮ್ಮ ಗದ್ದೆಯದಾಯಿತು, ಬಟಾಟೆ ಮಾತ್ರ ಅಂಗಡಿಯದಾಗಿ ಉಳಿಯಿತು. ಮನೆಯ ಹಿರಿಯರ ತಿಥಿಯ ಅಡುಗೆಯಲ್ಲಿ ಬಟಾಟೆ, ಎಲೆಕೋಸು, ಹೂಕೋಸು ನಮ್ಮ ಕಡೆ ಇವತ್ತಿಗೂ ನಡೆಯುವುದಿಲ್ಲ. ‘ಅದು ಹೊರಗಿನದ್ದು’ ಎನ್ನುತ್ತಾರೆ. ಗೆಣಸಿನ ಪಲ್ಯ ಆಗುತ್ತದೆ, ಅದೂ ಹೊರಗಿನದೇ ಆದರೂ. ಶಾಸ್ತ್ರದವರು ಏನಾದರೂ ಹೇಳಲಿ, ನನಗೆ ಅನಿಸುವುದು ಇಷ್ಟು: ಯಾರು ಎಂದು ಬಂದರು ಎನ್ನುವ ಲೆಕ್ಕ ಯಾರೂ ಇಟ್ಟಿರಲಿಲ್ಲ. ನಮ್ಮ ಗದ್ದೆಯಲ್ಲಿ ಬೆಳೆದದ್ದು ನಮ್ಮದು, ಪೇಟೆಯಿಂದ ತಂದದ್ದು ಪರರದು.

ಇದನ್ನೆಲ್ಲ ನಾನು ಹುಡುಕಿಕೊಂಡು ಹೋದದ್ದು ಇತಿಹಾಸದ ಹುಚ್ಚಿನಿಂದಲ್ಲ. ನಮ್ಮ ಮಾವನವರ ಊಟದ ತಟ್ಟೆಯಿಂದ.

ಮಾವನವರು ಮುಂಬಯಿಗೆ ಬಂದದ್ದು 1944ರಲ್ಲಿ, ಹನ್ನೆರಡನೆಯ ವಯಸ್ಸಿಗೆ, ಮಂಗಳೂರಿನಿಂದ ಹಡಗಿನಲ್ಲಿ. ಮುಂಬಯಿಯಲ್ಲಿ ಅದರ ಹಿಂದಿನ ವರ್ಷ, 1943ರಲ್ಲಿ, ಧಾನ್ಯಕ್ಕೆ ರೇಷನ್ ಬಂದಿತ್ತು. ಊರಿನಲ್ಲಿ ಮಳೆಗಾಲ ಕಳೆಯುವಷ್ಟು ಅಕ್ಕಿಯಿಲ್ಲದ ಮನೆಗಳಿಂದ ಮಾಣಿಗಳು ಆಗ ಹೀಗೆ ಬರುತ್ತಿದ್ದರು. ಹೊಟೇಲಿಗೆ ಸೇರಿದರೆ ಎರಡು ಹೊತ್ತು ಊಟ, ಮಲಗಲು ಮೇಜಿನ ಮೇಲೆ ಜಾಗ, ರಾತ್ರಿ ಶಾಲೆಗೆ ಹೋಗಲು ಬಿಟ್ಟರೆ ಅದೇ ಭಾಗ್ಯ. ಕ್ಲೀನರ್ ಆಗಿ ಸೇರಿದವರು ಕೊನೆಗೆ ಅಡುಗೆಯ ಭಟ್ಟರಾದರು. ಗಲ್ಲೆಯಲ್ಲಿ ಕೂರುವ ಯೋಗ ಅವರಿಗೆ ಬರಲಿಲ್ಲ. ಫೋರ್ಟು, ಗಿರಗಾಂವ್, ಮಾಟುಂಗಾ ಎಂದು ಮೂವತ್ತು ಚಿಲ್ಲರೆ ವರ್ಷ ಹೊಟೇಲುಗಳ ಒಳಗೇ ಕಳೆದರು. “ಬಟಾಟಿ ಸಿಪ್ಪಿ ತೆಗ್ದ್ ತೆಗ್ದ್ ನನ್ ಉಗ್ರೇ ಸವ್ದ್ ಹೋಯ್ತ್ ಮಗಾ” ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ದೊಡ್ಡ ಹಂಡೆಯಲ್ಲಿ ಬಟಾಟೆ ಬೇಯಲಿಕ್ಕೆ ಇಟ್ಟರೆ ದಿನ ಶುರುವಾದ ಹಾಗೆ. ಮಸಾಲೆ ದೋಸೆಯ ಪಲ್ಯ, ಪೂರಿಯ ಭಾಜಿ, ಬೋಂಡ, ಸಾಗು ಎಲ್ಲಕ್ಕೂ ಅದೇ ಬೇಕು. ಹಸಿರು ಬಣ್ಣಕ್ಕೆ ತಿರುಗಿದ ಬಟಾಟೆ ಕಂಡರೆ ಅವರು ಎತ್ತಿ ಎಸೆಯುತ್ತಿದ್ದರು. ಅದರಲ್ಲಿ ಸೊಲನಿನ್ ಎಂಬ ವಿಷ ಇರುತ್ತದೆ ಎಂದು ಅವರು ಯಾವ ಪುಸ್ತಕದಲ್ಲೂ ಓದಿದವರಲ್ಲ. ‘ಕಹಿ, ಹೊಟ್ಟಿ ಕೆಡ್ತತ್ತ್’ ಎಂದಷ್ಟೇ ಗೊತ್ತಿತ್ತು.

1988ರಲ್ಲಿ, ಐವತ್ತಾರನೆಯ ವಯಸ್ಸಿಗೆ, ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಆಗ ನಾವು ಡೊಂಬಿವಲಿಯಲ್ಲಿದ್ದೆವು. ಡಾಕ್ಟರು ಮರಾಠಿಯಲ್ಲಿ ಮೂರೇ ಮಾತು ಹೇಳಿ ಕಳಿಸಿದರು: ಭಾತ್ ಕಮ್ಮಿ, ಬಟಾಟಾ ಬಂದ್, ಗೋಡ್ ಬಂದ್. ಮನೆಯಲ್ಲಿ ವಾದ ಶುರುವಾಯಿತು. ಅತ್ತೆಯ ಪ್ರಕಾರ ಬಟಾಟೆ ಸಿಹಿಯೇ ಅಲ್ಲ, ಅದರಿಂದ ಏನಾಗುತ್ತದೆ. ಬಿಡಬೇಕಾದ್ದು ಗೆಣಸು, ಅದರ ಹೆಸರಿನಲ್ಲೇ ಸಿಹಿ ಇದೆ. ಎದುರು ಮನೆಯ ಬೆಳಗಾವಿ ಕಾಕು ಇದಕ್ಕೆ ಒಪ್ಪುವವರಲ್ಲ. “ಇಲ್ಲ ನೋಡ್ರಿ ವೈನಿ, ಬಟಾಟಿ ಬಿಡ್ಸ್ರಿ, ಗೆಣಸು ಕೊಡ್ರಿ. ಶಿವರಾತ್ರಿ ಉಪಾಸಕ್ಕ ತಿನ್ನೂದದು, ಅದ್ರಾಗ ಕೆಟ್ಟದ್ದೇನೈತಿ?” ಎಂದು ನನಗೆ ಹೇಳುತ್ತಿದ್ದರು. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವಳು. ಮಾವ ನನ್ನನ್ನೇ ಕೇಳಿದರು: “ನೀ ಓದಿದವ್ಳ್, ನೀನೇ ಹೇಳ್. ಎರಡ್ರಾಗೆ ಯಾವ್ದ್ ಒಳ್ಳೇದ್?”

ಶಾಲೆಯ ಕಪಾಟಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಪುಸ್ತಕ ಇತ್ತು. ಭಾರತೀಯ ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ಪಟ್ಟಿ. ಸಿ. ಗೋಪಾಲನ್ ಮತ್ತು ಅವರ ಜೊತೆಯವರು ಸಿದ್ಧಪಡಿಸಿದ್ದು. ಈ ಪಟ್ಟಿಗೂ ಒಂದು ಕಥೆಯಿದೆ. ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆಯ ಪ್ರಯೋಗಾಲಯ ಇತ್ತು. ಅದರ ಮುಖ್ಯಸ್ಥ ವ್ಯಾಲೇಸ್ ಐಕ್ರಾಯ್ಡ್ 1937ರಲ್ಲಿ ಮೊದಲ ಪಟ್ಟಿಯನ್ನು ಒಂದು ಸಣ್ಣ ಪುಸ್ತಿಕೆಯಾಗಿ ಹೊರತಂದ. ಮುಂದೆ 1943ರ ಬಂಗಾಳದ ಬರಗಾಲದ ವಿಚಾರಣೆ ನಡೆಸಿದ ಆಯೋಗದಲ್ಲೂ ಅವನಿದ್ದ. ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು. ಅಂದರೆ ಬಡವನ ತಟ್ಟೆಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿಯುವುದಕ್ಕೆ ಹುಟ್ಟಿದ ಲೆಕ್ಕ ಅದು. ಮಾವನವರಂಥವರ ತಟ್ಟೆಯ ಲೆಕ್ಕ.

ಆ ಪಟ್ಟಿಯಲ್ಲಿ ಇರುವುದನ್ನು ಹೇಳುತ್ತೇನೆ. ಎಲ್ಲವೂ 100 ಗ್ರಾಂ ಹಸಿ ಗಡ್ಡೆಗೆ. ಬಟಾಟೆಯಲ್ಲಿ 97 ಕ್ಯಾಲೊರಿ, ಗೆಣಸಿನಲ್ಲಿ 120. ಪಿಷ್ಟ, ಸಕ್ಕರೆಯ ಬಾಬತ್ತು ಬಟಾಟೆಯಲ್ಲಿ ಸುಮಾರು 23 ಗ್ರಾಂ, ಗೆಣಸಿನಲ್ಲಿ 28. ಪ್ರೋಟೀನು ಎರಡರಲ್ಲೂ ಅಷ್ಟಕ್ಕಷ್ಟೆ: ಬಟಾಟೆಯಲ್ಲಿ 1.6 ಗ್ರಾಂ, ಗೆಣಸಿನಲ್ಲಿ 1.2. ಸುಣ್ಣದ ಅಂಶ ಬಟಾಟೆಯಲ್ಲಿ 10 ಮಿಲಿಗ್ರಾಂ, ಗೆಣಸಿನಲ್ಲಿ 46. ಸಿ ಜೀವಸತ್ವ ಬಟಾಟೆಯಲ್ಲಿ 17, ಗೆಣಸಿನಲ್ಲಿ 24 ಮಿಲಿಗ್ರಾಂ. ಬೇಯಿಸಿದಾಗ ಎರಡರಲ್ಲೂ ಒಂದಷ್ಟು ಹೋಗುತ್ತದೆ, ಸಿಪ್ಪೆಯೊಂದಿಗೆ ಬೇಯಿಸಿದರೆ ಕಡಿಮೆ ಹೋಗುತ್ತದೆ. ನಾರು ಗೆಣಸಿನಲ್ಲಿ ಹೆಚ್ಚು. ಪೊಟ್ಯಾಷಿಯಂ ಬಟಾಟೆಯಲ್ಲಿ ತುಸು ಹೆಚ್ಚು.

ಇನ್ನು ಎ ಜೀವಸತ್ವ. ಗೆಣಸು ಕಣ್ಣಿಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಅದು ಒಳಗೆ ಕಿತ್ತಳೆ ಬಣ್ಣವಿರುವ ಗೆಣಸಿಗೆ ಸಲ್ಲುವ ಮಾತು. ಅದರಲ್ಲಾದರೆ 100 ಗ್ರಾಂ ತಿಂದರೆ ಒಬ್ಬ ಹೆಂಗಸಿಗೆ ದಿನಕ್ಕೆ ಬೇಕಾಗುವಷ್ಟು ಎ ಜೀವಸತ್ವ ಸಿಕ್ಕಿಬಿಡುತ್ತದೆ. ಆಫ್ರಿಕದಲ್ಲಿ ಮಕ್ಕಳ ಕುರುಡು ತಪ್ಪಿಸಲು ಈ ಗೆಣಸನ್ನು ಹಬ್ಬಿಸಿದವರಿಗೆ 2016ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ತಿರುವನಂತಪುರದ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯವರು ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನೇ ಬಿಡುಗಡೆ ಮಾಡಿದ್ದಾರೆ. ಆದರೆ ಮಾವನವರ ಕಾಲದಲ್ಲಿ ಮುಂಬಯಿಯ ಗಾಡಿಯಲ್ಲಿ ಸಿಗುತ್ತಿದ್ದದ್ದು ಹೊರಗೆ ಕೆಂಪು, ಒಳಗೆ ಬಿಳಿ. ಬಿಳಿ ಗೆಣಸಿನಲ್ಲಿ ಈ ಅಂಶ ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಅತ್ತೆ ಗೆದ್ದರೆ, ಕಾಕು ಗೆದ್ದರೆ? ಪಟ್ಟಿಯ ಮೇಲೆ ಕೈಯಿಟ್ಟು ಹೇಳಬೇಕಾದರೆ ಇಬ್ಬರೂ ಗೆಲ್ಲಲಿಲ್ಲ. ರಕ್ತದ ಸಕ್ಕರೆ ಎಷ್ಟು ಬೇಗ ಏರುತ್ತದೆ ಎನ್ನುವುದು ನಾಲಗೆಯ ಸಿಹಿಯಿಂದ ತೀರ್ಮಾನವಾಗುವುದಿಲ್ಲ. ಬಟಾಟೆಯ ಪಿಷ್ಟ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ. ಗೆಣಸನ್ನು ನೀರಿನಲ್ಲಿ ಬೇಯಿಸಿದರೆ ಸಕ್ಕರೆ ಏರುವುದು ನಿಧಾನ. ಅದೇ ಗೆಣಸನ್ನು ಕೆಂಡದಲ್ಲಿ ಸುಟ್ಟರೆ ಬೇಗ. ನಿಧಾನವಾಗಿ ಬಿಸಿಯಾಗುವಾಗ ಅದರೊಳಗಿನ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಬಚ್ಚಲೊಲೆಯ ಬೂದಿಯಲ್ಲಿ ಸುಟ್ಟ ಗೆಣಸು ಬೇಯಿಸಿದ್ದಕ್ಕಿಂತ ಸಿಹಿ ಯಾಕೆ ಎನ್ನುವುದಕ್ಕೆ ಕಾರಣವೇ ಅದು. ಬಟಾಟೆಯನ್ನು ಬೇಯಿಸಿ ಪೂರ್ತಿ ಆರಿಸಿದರೆ ಅದರ ಪಿಷ್ಟದಲ್ಲಿ ಸ್ವಲ್ಪ ಭಾಗ ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ಬರುತ್ತದೆ. ಗಡ್ಡೆ ಯಾವುದು ಎನ್ನುವುದರಷ್ಟೇ, ಹೇಗೆ ಬೇಯಿತು ಎನ್ನುವುದೂ ಮುಖ್ಯ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಪಟ್ಟಿಯಲ್ಲಿ ಅದು ಬರೆದಿರುವುದಿಲ್ಲ. ನಮ್ಮ ಊರುಗಳಲ್ಲಿ ಗೆಣಸನ್ನು ಹೇಗೆ ತಿನ್ನುತ್ತಿದ್ದರು? ಅನ್ನದ ಬದಲಿಗೆ. ಅಕ್ಕಿ ತೀರುತ್ತಾ ಬಂದ ದಿನಗಳಲ್ಲಿ ರಾತ್ರಿಗೆ ಬೇಯಿಸಿದ ಗೆಣಸು, ಮೇಲೆ ಮಜ್ಜಿಗೆ, ಆಯಿತು ಊಟ. ಅದು ತಟ್ಟೆಗೆ ಬಂದರೆ ಅನ್ನ ಎದ್ದು ಹೋಗುತ್ತಿತ್ತು. ಮುಂಬಯಿಯಲ್ಲಿ ಬಟಾಟೆ ಅನ್ನದ ಬದಲಿಗೆ ಬರಲಿಲ್ಲ. ಅನ್ನದ ಪಕ್ಕಕ್ಕೆ ಬಂತು. ಹೊಟೇಲಿನ ಕೆಲಸದವರ ಊಟ ಎಂದರೆ ಏನು ಎಂದು ಮಾವ ಹೇಳುತ್ತಿದ್ದರು: ಗುಡ್ಡೆ ಅನ್ನ, ನೀರು ಸಾರು, ಉಳಿದ ಬಟಾಟೆ ಭಾಜಿ. ಪಿಷ್ಟದ ಮೇಲೆ ಪಿಷ್ಟ. ಬೇಳೆ ತಳಕ್ಕೆ ಮುಟ್ಟುವಷ್ಟು, ಸೊಪ್ಪು ತರಕಾರಿ ಕಾಣುವುದೇ ಅಪರೂಪ. ಇಪ್ಪತ್ತು ವರ್ಷದ ಹುಡುಗ ದಿನಕ್ಕೆ ಹದಿನಾರು ಗಂಟೆ ನಿಂತು ಕೆಲಸ ಮಾಡುವಾಗ ಅದು ಕರಗಿ ಹೋಗುತ್ತದೆ. ಐವತ್ತು ದಾಟಿ, ಕೆಲಸ ಬಿಟ್ಟು, ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಕೂತ ಮೇಲೂ ತಟ್ಟೆ ಹಾಗೇ ಇದ್ದರೆ ಕರಗುವುದಿಲ್ಲ.

ಇದು ಹೊಟೇಲಿನವರ ಕಥೆ ಮಾತ್ರ ಅಲ್ಲ, ಮುಂಬಯಿಯದೇ ಕಥೆ. ರೇಷನ್ನಿನ ಕಾಲದಲ್ಲಿ ಅಕ್ಕಿ, ಗೋಧಿ, ಸಕ್ಕರೆಗೆ ಕಾರ್ಡು ಬೇಕಿತ್ತು, ಬಟಾಟೆಗೆ ಬೇಡ. 1965ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಕೇಳಿಕೊಂಡಾಗ ಸೋಮವಾರ ಸಂಜೆ ಹೊಟೇಲುಗಳು ಬಾಗಿಲು ಹಾಕುತ್ತಿದ್ದವು. ಅದರ ಮರುವರ್ಷ, 1966ರಲ್ಲಿ, ಎರಡು ಸಂಗತಿ ನಡೆದವು. ಆ ವರ್ಷವೇ ದಾದರ್ ಸ್ಟೇಷನ್ನಿನ ಹೊರಗೆ ಅಶೋಕ್ ವೈದ್ಯ ಎಂಬವರು ಬಟಾಟಾ ವಡೆಯನ್ನು ಪಾವಿನೊಳಗಿಟ್ಟು ಮಾರಲು ಶುರುಮಾಡಿದರು ಎಂದು ಪ್ರತೀತಿ. ಅದೇ ವರ್ಷದ ಜೂನ್ 19ರಂದು ಶಿವಸೇನೆ ಹುಟ್ಟಿತು. ಮೊದಲ ವರ್ಷಗಳಲ್ಲಿ ಅದರ ಸಿಟ್ಟು ದಕ್ಷಿಣದವರ ಮೇಲೆ ತಿರುಗಿತು, ಉಡುಪಿ ಹೊಟೇಲುಗಳ ಮೇಲೆ ಕಲ್ಲು ಬಿದ್ದವು. ಇಡ್ಲಿ ದೋಸೆಗೆ ಎದುರಾಗಿ ಮರಾಠಿ ಹುಡುಗರು ವಡಾಪಾವ್ ಗಾಡಿ ಹಾಕಬೇಕು ಎಂದು ಪಕ್ಷ ಬೆಂಬಲಿಸಿತು. ಮಾವನವರು ಆ ದಿನಗಳನ್ನು ನೆನೆಸಿಕೊಂಡು ಹೇಳುತ್ತಿದ್ದದ್ದು ಒಂದೇ ಮಾತು: “ಆಚೀಚಿ ಎರ್ಡ್ ಬದಿಗೂ ಬಟಾಟಿಯೇ ಕಾಣ್.” ನಿಜ. ದೋಸೆಯ ಹೊಟ್ಟೆಯಲ್ಲಿ ಇದ್ದದ್ದೂ ಅದೇ, ಪಾವಿನ ಹೊಟ್ಟೆಯಲ್ಲಿ ಇದ್ದದ್ದೂ ಅದೇ. ಒಂದೇ ಮಾರುಕಟ್ಟೆಯಿಂದ ಬಂದ ಗೋಣಿಯದು.

ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರದವರಿಗೆ 1956ರವರೆಗೆ ಮುಂಬಯಿ ಪರವೂರೇ ಆಗಿರಲಿಲ್ಲ, ಅವರ ರಾಜಧಾನಿ ಅದು. ಕಾಕು ಗೆಣಸಿನ ಬಗ್ಗೆ ಅಷ್ಟು ಅಧಿಕಾರದಿಂದ ಮಾತಾಡುತ್ತಿದ್ದದ್ದಕ್ಕೂ ಕಾರಣ ಇತ್ತು. ಬೆಳಗಾವಿಯ ಗೆಣಸು ಹೆಸರುವಾಸಿ, ಅಲ್ಲಿಯ ಮಾರುಕಟ್ಟೆಯಿಂದ ಲಾರಿಯಲ್ಲಿ ಮಹಾರಾಷ್ಟ್ರ, ಗುಜರಾತು, ದಿಲ್ಲಿಯವರೆಗೂ ಹೋಗುತ್ತದೆ. ಮಹಾಶಿವರಾತ್ರಿಯ ಹೊತ್ತಿಗೆ ನಮ್ಮ ಗಾಡಿಯವನ ಬುಟ್ಟಿಯಲ್ಲಿ ಗೆಣಸು ರಾಶಿ ಬಿದ್ದರೆ ಕಾಕು ಒಂದೊಂದನ್ನೇ ತಿರುಗಿಸಿ ನೋಡಿ “ಇದು ನಮ್ಮ ಕಡೀದು” ಎನ್ನುತ್ತಿದ್ದರು. ಊರಿನವರು ಸಿಕ್ಕಿದಷ್ಟು ಖುಷಿ.

ಉಪವಾಸದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮಲ್ಲಿ ಏಕಾದಶಿ ಎಂದರೆ ಹಿರಿಯರು ನೀರೂ ಮುಟ್ಟುತ್ತಿರಲಿಲ್ಲ. ಮುಂಬಯಿಯಲ್ಲಿ ನೋಡಿದರೆ ಉಪವಾಸಕ್ಕೊಂದು ಬೇರೆ ಅಡುಗೆಯೇ ಇದೆ. ‘ಏಕಾದಶಿ, ದುಪ್ಪಟ್ ಖಾಶಿ’ ಎಂದು ಮರಾಠಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ. ಸಾಬುದಾಣೆ ಖಿಚಡಿ, ಶೇಂಗಾ, ಬಟಾಟೆ, ರತಾಳೆ, ಹಸಿಮೆಣಸು. ಅಕ್ಕಿ, ಗೋಧಿ, ಬೇಳೆ ನಿಷಿದ್ಧ. ಒಂದೊಂದಾಗಿ ಎಣಿಸಿ ನೋಡಿ. ಸಾಬುದಾಣೆ ಮಾಡುವ ಮರಗೆಣಸು ಅಮೆರಿಕದ್ದು, ಶೇಂಗಾ ಅಮೆರಿಕದ್ದು, ಮೆಣಸಿನಕಾಯಿ ಅಮೆರಿಕದ್ದು, ಬಟಾಟೆ ರತಾಳೆಗಳ ಕಥೆಯನ್ನು ಆಗಲೇ ಹೇಳಿದೆ. ನಮ್ಮ ತಿಥಿಯ ಎಲೆಯಲ್ಲಿ ಬಟಾಟೆ ಹೊರಗಿನದ್ದೆಂದು ಬೇಡವಾದರೆ, ಇವರ ಏಕಾದಶಿಯ ತಟ್ಟೆಯಲ್ಲಿ ಹೊರಗಿನಿಂದ ಬಂದವೇ ತುಂಬಿವೆ. ಹಳೆಯ ನಿಷೇಧದ ಪಟ್ಟಿಯಲ್ಲಿ ಅವುಗಳ ಹೆಸರಿರಲಿಲ್ಲ, ಅದಕ್ಕೇ ಒಳಗೆ ಬರಲು ಅಡ್ಡಿಯಾಗಲಿಲ್ಲ ಎಂದು ಕಾಣುತ್ತದೆ. ಹೊರಗಿನವನೆಂಬ ಕಾರಣಕ್ಕೇ ಒಂದು ಮನೆಯಲ್ಲಿ ಬಾಗಿಲು ಮುಚ್ಚಿತು, ಅದೇ ಕಾರಣಕ್ಕೆ ಇನ್ನೊಂದು ಮನೆಯಲ್ಲಿ ತೆರೆಯಿತು. ಈ ಊರಲ್ಲಿ ಬಾಡಿಗೆ ಮನೆ ಹುಡುಕಿದ ನಮಗೆ ಇದು ಹೊಸ ವಿಷಯವೇನಲ್ಲ.

ಮಾವನವರಿಗೆ ನಾನು ಹೇಳಿದ ಉತ್ತರ ಸರಳವಾಗಿತ್ತು. ಎರಡರಲ್ಲಿ ಯಾವುದೂ ಬಿಡಬೇಕಾಗಿಲ್ಲ, ಎರಡನ್ನೂ ಅನ್ನದ ಲೆಕ್ಕಕ್ಕೆ ಹಾಕಬೇಕು. ಗೆಣಸು ತಿಂದ ಹೊತ್ತಿಗೆ ಅನ್ನ ಬೇಡ. ಬಟಾಟೆ ಪಲ್ಯ ಮಾಡಿದ ದಿನ ಅನ್ನ ಅರ್ಧ, ಪಕ್ಕದಲ್ಲಿ ಹೆಸರುಕಾಳು, ಸೊಪ್ಪು. ಕರಿದದ್ದು ಹಬ್ಬಕ್ಕೆ ಮಾತ್ರ. ಡಾಕ್ಟರಿಗೂ ಇದನ್ನು ತೋರಿಸಿದೆವು, ಸಕ್ಕರೆ ನೋಡುತ್ತಾ ಹಾಗೇ ಮಾಡಿ ಎಂದರು. ಹೇಳುವುದು ಸುಲಭ. ನಲವತ್ತು ವರ್ಷ ಅನ್ನದ ಗುಡ್ಡೆಯ ಪಕ್ಕ ಬಟಾಟೆ ಕಂಡ ಕಣ್ಣಿಗೆ ಅರ್ಧ ತಟ್ಟೆ ಖಾಲಿ ಕಂಡರೆ ಅದು ಬಡತನದ ಹಾಗೆ ಕಾಣುತ್ತದೆ. “ಹೊಟ್ಟಿಗ್ ಸಾಲ್ದೆ ಊರ್ ಬಿಟ್ಟ್ ಬಂದದ್ದ್, ಈಗ ಇದ್ದ್ ಬಿಡ್ಕ್ ಅಂದ್ರೆ ಹ್ಯಾಂಗ್?” ಎಂದು ಒಮ್ಮೆ ತಟ್ಟೆಯ ಮುಂದೆ ಸುಮ್ಮನೆ ಕೂತುಬಿಟ್ಟರು. ಆ ಮಾತಿಗೆ ಯಾವ ಪಟ್ಟಿಯಲ್ಲೂ ಉತ್ತರವಿಲ್ಲ. ಹೊಟ್ಟೆ ತುಂಬ ಅನ್ನ ತಿನ್ನುವುದಕ್ಕೇ ಬಂದವರು ಅವರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದರ ಪ್ರಕಾರ ಈ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಆ ಹತ್ತು ಕೋಟಿಯಲ್ಲಿ ಮಾವನವರ ಹಾಗೆ ಹಸಿವೆಯಿಂದ ಹೊರಟು ಇಲ್ಲಿಗೆ ತಲುಪಿದವರೂ ಇದ್ದಾರೆ ಎನ್ನುವುದನ್ನು ನಾನು ಮರೆಯುವುದಿಲ್ಲ.

ಅವರು ಕೊನೆಗೆ ಒಪ್ಪಿದ್ದು ಪುಸ್ತಕ ನೋಡಿ ಅಲ್ಲ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದ ಮೇಲೆ ಊರಿನಿಂದ ಯಾರು ಬಂದರೂ ಮತ್ಸ್ಯಗಂಧದಲ್ಲಿ ಒಂದು ಚೀಲ ಗೆಣಸು, ಬಸಳೆಯ ಕಟ್ಟು ತರುತ್ತಿದ್ದರು. ರಾತ್ರಿಗೆ ಬೇಯಿಸಿದ ಗೆಣಸು, ಮಜ್ಜಿಗೆ. “ನಮ್ಮಬ್ಬಿ ಕೊಡ್ತಿದ್ದದ್ದ್ ಹೀಂಗೇ” ಎಂದು ತಿಂದರು. ತಾಯಿ ಅಕ್ಕಿಯಿಲ್ಲದೆ ಕೊಟ್ಟದ್ದು, ಸೊಸೆ ಲೆಕ್ಕ ನೋಡಿ ಕೊಟ್ಟದ್ದು, ತಟ್ಟೆ ಒಂದೇ. ಹದಿನೈದು ವರ್ಷ ಸಕ್ಕರೆಯ ಜೊತೆ ಬದುಕಿ 2003ರಲ್ಲಿ ತೀರಿಕೊಂಡರು.

ಮೊದಲ ವರ್ಷದ ತಿಥಿಗೆ ಪುರೋಹಿತರು ಸಾಮಾನಿನ ಚೀಟಿ ಬರೆಸಿದರು. ಬಾಳೆಕಾಯಿ, ಹಾಗಲಕಾಯಿ, ಸೌತೆ, ಗೆಣಸು. ಆಗ ಕಾಲೇಜಿನಲ್ಲಿದ್ದ ನನ್ನ ಮಗ ಚೀಟಿ ನೋಡಿ, “ಅಜ್ಜ ಜೀವಮಾನ ಇಡೀ ಬಟಾಟೆ ಮಾಡಿದ್ರು, ಅವ್ರ ಎಲೆಗೇ ಬಟಾಟೆ ಇಲ್ವಾ?” ಎಂದ. ಪುರೋಹಿತರು ನಕ್ಕರು. ಅವರೂ ನಮ್ಮ ಕಡೆಯವರೇ, ಹುಡುಗನಾಗಿದ್ದಾಗ ಹೊಟೇಲಿನಲ್ಲಿ ಎರಡು ವರ್ಷ ದುಡಿದವರು. “ಪದ್ಧತಿ ಮಾಣಿ, ನಾಳೆ ಮಾಡಿ ತಿನ್ನಿ, ಯಾರು ಬೇಡ ಅಂತಾರೆ?” ಎಂದರು. ಹಾಗೇ ಮಾಡಿದೆವು. ಅಂದು ತೆಂಗಿನತುರಿ ಹಾಕಿದ ಗೆಣಸಿನ ಪಲ್ಯ. ಮರುದಿನ ಬೆಳಿಗ್ಗೆ ಮಾವ ಕಲಿಸಿದ ಹಾಗೆ ಹಸಿಮೆಣಸು, ಶುಂಠಿ, ಅರಸಿನ ಹಾಕಿ, ಬಟಾಟೆಯನ್ನು ಪೂರಾ ನುರಿಯದೆ ಅಲ್ಲಲ್ಲಿ ಹೋಳು ಉಳಿಸಿ ಮಾಡಿದ ಪಲ್ಯ, ದೋಸೆ. ಇಷ್ಟು ವರ್ಷ ಹಾಗೇ ನಡೆಸಿಕೊಂಡು ಬಂದಿದ್ದೇವೆ. ತಿಥಿಯ ದಿನ ಊರು, ಮರುದಿನ ಮುಂಬಯಿ.

ಈಗ ಗೆಣಸಿನ ದಿನ ತಿರುಗಿದೆ. ದೊಡ್ಡ ಅಂಗಡಿಗಳಲ್ಲಿ ಕಿತ್ತಳೆ ಗೆಣಸನ್ನು ತೊಳೆದು ಪ್ಯಾಕೆಟ್ಟಿನಲ್ಲಿಟ್ಟು ಮಾರುತ್ತಾರೆ. ಜಿಮ್ಮಿಗೆ ಹೋಗುವವರು ಅದನ್ನು ಡಬ್ಬಿಯಲ್ಲಿ ಒಯ್ಯುತ್ತಾರೆ. ನನ್ನ ಮಗನೂ ಒಯ್ಯುತ್ತಾನೆ. ಬೇಯಿಸಿದ ಗೆಣಸು, ಒಂದು ಹಿಡಿ ಮೊಳಕೆ ಕಾಳು, ಮೊಸರು. ಅನ್ನ ಬೇಡ ಅನ್ನುತ್ತಾನೆ. ತನ್ನ ಅಜ್ಜನ ತಾಯಿ ಇದನ್ನೇ ಉಣ್ಣುತ್ತಿದ್ದಳು ಎಂದು ಹೇಳಿದರೆ “ಹೌದಾ, ಅವರಿಗೂ ಟ್ರೇನರ್ ಇದ್ದರಾ?” ಎಂದು ತಮಾಷೆ ಮಾಡುತ್ತಾನೆ. ಇರಲಿಲ್ಲ, ಅಕ್ಕಿ ಇರಲಿಲ್ಲ ಎಂದೆ. ಡಬ್ಬಿ ಮುಚ್ಚುತ್ತಿದ್ದವನು ಒಂದು ಕ್ಷಣ ಕೈ ತಡೆದ. ಆಮೇಲೆ ಎಂಟೂ ನಲವತ್ತರ ಲೋಕಲ್ ಹಿಡಿಯಬೇಕಿತ್ತು, ಓಡಿದ.